ಬಸ್ ನಿಲ್ದಾಣದ ನುಡಿಮುತ್ತು

ನಾನು ಒಂದು ಕರಿಹಲಗೆ. ಬೇವಿನ ಹಲಗೆಗಳನ್ನು ಜೋಡಿಸಿ, ಇದ್ದಿಲನ್ನು ತೊಂಡೆಸೊಪ್ಪಿನ ಜೊತೆ ಅರೆದು ಮೈಗೆಲ್ಲ ಬಳಿದು, ಬಡಗಿಯೊಬ್ಬ ನನ್ನನ್ನು ಹುಟ್ಟಿಸಿದ. ತಲೆಯ ಮೇಲೆ ‘ಇಂದಿನ ನುಡಿಮುತ್ತು’ ಎಂದು ಬಿಳಿ ಬಣ್ಣದಲ್ಲಿ ಬರೆಸಿ, ಚಿತ್ರದುರ್ಗದ ಕಡೆಯ ಒಂದು ಸಣ್ಣ ಬಸ್ ನಿಲ್ದಾಣದಲ್ಲಿ ನೇತುಹಾಕಿದರು.

ದಿನಾ ಬೆಳಿಗ್ಗೆ ನನ್ನ ಮೇಲೆ ಬರೆಯುತ್ತಿದ್ದವರು ನಿಲ್ದಾಣದ ಕಂಟ್ರೋಲರ್ ತಿಪ್ಪೇರುದ್ರಪ್ಪ. ಅಕ್ಷರ ದುಂಡಗೆ, ಸಿಟ್ಟು ಮೂಗಿನ ತುದಿಯಲ್ಲಿ. ‘ತಾಳಿದವನು ಬಾಳಿಯಾನು’ ಎಂದು ಬರೆದ ಬಳಪ ಕೆಳಗಿಡುವ ಮೊದಲೇ ಯಾವನಾದರೊಬ್ಬ ಕಂಡಕ್ಟರನ ಮೇಲೆ ಹಾರಾಡುತ್ತಿದ್ದರು. ಆದರೂ ಮನುಷ್ಯ ಕೆಟ್ಟವರಲ್ಲ. ಮಾರನಹಟ್ಟಿ ಬಸ್ಸಿನ ಡ್ರೈವರ್ ಓಬಳೇಶ ಬಂದರೆ ಅರ್ಧ ಲೋಟ ಚಹಾ ಅವನಿಗೆ ಮೀಸಲು.

ಅವರ ಸ್ನೇಹ ಮುರಿದದ್ದು ಒಂದು ಬೂದುಗುಂಬಳದಿಂದ. ಆಯುಧಪೂಜೆಯ ದಿನ ಓಬಳೇಶನ ಬಸ್ಸಿನ ಮುಂದೆ ಕುಂಬಳ ಒಡೆಯುವ ಗೌರವ ಪ್ರತಿವರ್ಷ ತಿಪ್ಪೇರುದ್ರಪ್ಪನವರದು. ಆ ವರ್ಷ ಡಿಪೋಗೆ ಹೊಸ ಮ್ಯಾನೇಜರು ಬಂದಿದ್ದರು. ಓಬಳೇಶ ಕುಂಬಳವನ್ನು ಅವರ ಕೈಗಿಟ್ಟ. ಅಷ್ಟೇ! ಮರುದಿನ ನನ್ನ ಮೇಲೆ ಬಂತು: ‘ಅಧಿಕಾರಕ್ಕೆ ಬಾಗುವವನು ಸ್ನೇಹಕ್ಕೆ ಯೋಗ್ಯನಲ್ಲ.’

ಹನ್ನೊಂದು ವರ್ಷ ಅವರು ಮಾತಾಡಲಿಲ್ಲ. ತಿಪ್ಪೇರುದ್ರಪ್ಪ ನನ್ನ ಮೇಲೆ ಬರೆದು ಬರೆದು ಚುಚ್ಚಿದರು. ಓಬಳೇಶ ನಿಂತು ಓದಿ, ಬಸ್ಸು ಹತ್ತುತ್ತಿದ್ದ. ಪ್ರಯಾಣಿಕರು ಮಾತ್ರ ‘ಎಂಥಾ ಮುತ್ತಿನಂಥ ಮಾತು’ ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ನನಗೋ ಮೈಯೆಲ್ಲ ಉರಿ.

ಒಂದು ದಿನ ಓಬಳೇಶನ ಹೆಂಡತಿ ಸಾಕಮ್ಮ ಮಾರನಹಟ್ಟಿಯಿಂದ ಬಂದು ಕಂಟ್ರೋಲರ್ ಕೋಣೆಯ ಕಿಟಕಿಯ ಮುಂದೆ ನಿಂತಳು. “ರುದ್ರಣ್ಣ, ಅವ್ರು ಹಾಸಿಗೆ ಹಿಡಿದವ್ರೆ. ಒಂದ್ಸಲ ಬಂದು ಮಾತಾಡ್ಸಣ್ಣ.”

ತಿಪ್ಪೇರುದ್ರಪ್ಪನವರ ಕಣ್ಣು ತುಂಬಿತು, ಕಾಲು ಮಾತ್ರ ಏಳಲಿಲ್ಲ. ಅವಳು ಹೋದ ಮೇಲೆ ನನ್ನ ಮೇಲೆ ಬರೆದರು: ‘ತಪ್ಪು ಒಪ್ಪಿಕೊಂಡವನು ಸಣ್ಣವನಾಗುವುದಿಲ್ಲ.’ ಮಾರನಹಟ್ಟಿ ಬಸ್ಸಿನ ಕಂಡಕ್ಟರನನ್ನು ಕರೆದು, “ಇದನ್ನ ಓಬಳೇಶಂಗೆ ಹೇಳ್ಬಿಡಪ್ಪ” ಎಂದರು.

ಸಂಜೆ ಕಂಡಕ್ಟರ್ ಉತ್ತರ ತಂದ. “ಸಾರ್, ಓಬಳೇಶಣ್ಣ ಕೇಳಿದ್ರು, ‘ಇದು ನಂಗೆ ಚುಚ್ಚಿದ್ದಾ, ಇಲ್ಲಾ ತನಗೇ ಹೇಳ್ಕೊಂಡಿದ್ದಾ?’ ಅಂತ.”

ಹನ್ನೊಂದು ವರ್ಷ ಚುಚ್ಚಿಸಿಕೊಂಡವನು ಬೇರೇನು ಕೇಳಿಯಾನು? ತಿಪ್ಪೇರುದ್ರಪ್ಪ ಎದ್ದು ಬಂದು ನನ್ನ ಮೇಲಿನ ಸಾಲನ್ನು ಇನ್ನೊಮ್ಮೆ ಓದಿದರು. “ನಾಳೆ ನಾನೇ ಹೋಗ್ತೀನಿ ಬಿಡು” ಎಂದರು.

ಮರುದಿನ ಅವರು ಬಿಳಿ ಅಂಗಿ ತೊಟ್ಟು, ಕಿತ್ತಳೆಹಣ್ಣಿನ ಚೀಲ ಹಿಡಿದು ಬಂದಿದ್ದರು. ಮಾರನಹಟ್ಟಿಯ ಮೊದಲ ಬಸ್ಸೇ ಸಾವಿನ ಸುದ್ದಿ ತಂದಿತು.

ಸಿಬ್ಬಂದಿ ಸತ್ತರೆ ನನ್ನ ಮೇಲೆಯೇ ತಿಳಿಸುವುದು ರೂಢಿ. ಹಿಂದಿನ ದಿನದ ಸಾಲನ್ನು ಅವರು ಅಂಗಿಯ ತೋಳಿನಿಂದಲೇ ಒರೆಸಿದರು. ಓಬಳೇಶನ ಹೆಸರು, ಮಣ್ಣು ಮಾಡುವ ಹೊತ್ತು ಬರೆದರು. ಬಳಪ ಎರಡು ಸಲ ಮುರಿಯಿತು. ಆಮೇಲೆ ಕೆಳಗೆ ಸಣ್ಣದಾಗಿ ಇನ್ನೊಂದು ಸಾಲು: ‘ಓಬಳೇಶ, ತಪ್ಪು ನಂದು ಕಣೋ.’

ಅದೇ ಕೊನೆ. ಮತ್ತೆ ಅವರು ಬಳಪ ಮುಟ್ಟಲಿಲ್ಲ. ಈಗ ನಾನು ಡಿಪೋದ ಹಿಂದೆ, ಹಳೆಯ ಟೈರುಗಳ ಮಧ್ಯೆ ಗೆದ್ದಲಿಗೆ ಆಹಾರವಾಗಿ ಬಿದ್ದಿದ್ದೇನೆ. ಬಾಳುವುದು ಹೇಗೆಂದು ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಆ ಸಾವಿರಾರು ಮಾತುಗಳಲ್ಲಿ ಒಬ್ಬರ ಹೆಸರು ಹಿಡಿದು ಕರೆದದ್ದು ಅದೊಂದೇ. ಅಂದು ಸಂಜೆಯವರೆಗೆ ನಿಲ್ದಾಣಕ್ಕೆ ಬಂದವರೆಲ್ಲ ಅದನ್ನು ನಿಂತು ಓದಿದರು, ಓದಬೇಕಾದವನೊಬ್ಬನನ್ನು ಬಿಟ್ಟು.