ಸದ್ದು ಕಡಿಮೆಯ ವಿಮಾನ

ಹತ್ತೊಂಬತ್ತು ವರ್ಷ ಹಳೇ ವಿಮಾನಗಳ ಬಾಲದಲ್ಲಿ ನಿಂತು ದುಡಿದವಳಿಗೆ ಮೆಲ್ಲಗೆ ಮಾತಾಡುವುದು ಹೇಗೆಂಬುದೇ ಮರೆತುಹೋಗಿತ್ತು. ಅಲ್ಲಿ ಎಂಜಿನ್ನುಗಳ ಆರ್ಭಟ ಎಷ್ಟೆಂದರೆ, ಪಕ್ಕದಲ್ಲಿ ನಿಂತವಳಿಗೆ "ಸಕ್ಕರೆ ಕೊಡು" ಎನ್ನಬೇಕಾದರೂ ಡಂಗುರ ಸಾರುವವರ ಹಾಗೆ ಕೂಗಬೇಕು. ಕೂಗಿದರೂ ಪರದೆಯಾಚೆ ಕೂತ ಪ್ರಯಾಣಿಕರಿಗೆ ಒಂದಕ್ಷರವೂ ಕೇಳಿಸದು. ಹಾಗಾಗಿ ಗಂಡನ ಗೊರಕೆ, ಅತ್ತೆಯ ಕೊಂಕು, ಮೇಲಧಿಕಾರಿಗಳ ಜಾತಕ ಎಲ್ಲವನ್ನೂ ಆ ಪುಟ್ಟ ಅಡುಗೆಕೋಣೆಯಲ್ಲಿ ಗಂಟಲು ಬಿಚ್ಚಿ ಹೇಳಿಕೊಂಡು ಹಗುರಾಗುವುದು ಗಗನಸಖಿಯರ ಪದ್ಧತಿಯಾಗಿತ್ತು. ಅವರಲ್ಲೆಲ್ಲ ಹಿರಿಯಳಾದ ಇವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಕ್ಕನಷ್ಟು ಹಗುರಾಗುತ್ತಿದ್ದವರು ಇನ್ನೊಬ್ಬರಿರಲಿಲ್ಲ.

ಈಗ ಕಂಪನಿಗೆ ಹೊಸ ವಿಮಾನ ಬಂದಿತ್ತು. ನಡುವೆ ಒಂದೇ ಓಣಿ, ಆಚೆಗೆ ಮೂರು ಸೀಟು, ಈಚೆಗೆ ಮೂರು. ನೋಡಲು ಹಳೆಯದರ ತಂಗಿಯೇ. ಹಸಿವು ಮಾತ್ರ ಕಡಿಮೆ. ಹಳೇ ವಿಮಾನ ಐದು ಲೋಟ ಕುಡಿಯುವಲ್ಲಿ ತಂಗಿಗೆ ನಾಲ್ಕೇ ಲೋಟ ಇಂಧನ ಸಾಕು ಎಂದು ಕಂಪನಿಯ ಯಜಮಾನರು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ತಿರುಗುತ್ತಿದ್ದರು. ನಮ್ಮ ಅಕ್ಕನಿಗೆ ಬೇಕಾಗಿದ್ದದ್ದು ಬೇರೆ. ಬೆಳಗ್ಗೆ ಹೋಗಿ ಸಂಜೆ ವಾಪಸ್ಸಾಗುವ ಊರುಗಳಿಗೇ ಈ ವಿಮಾನ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಇದರ ತಂಡಕ್ಕೆ ಸೇರಿದರೆ ದಿನಾ ರಾತ್ರಿ ತನ್ನ ಮನೆಯಲ್ಲಿ ಮಲಗಬಹುದು! ವಾರಕ್ಕೆ ನಾಲ್ಕು ರಾತ್ರಿ ಕಂಡವರ ಊರಿನ ಹೋಟೆಲಿನಲ್ಲಿ ಉಳಿದು, ಮಗಳಿಗೆ ಫೋನಿನಲ್ಲಿ ಭಾಗಾಕಾರ ಹೇಳಿಕೊಟ್ಟು, ಮಗನ ಹಣೆಯನ್ನೂ ಫೋನಿನಲ್ಲೇ ಮುಟ್ಟಿ ನೋಡಿ ಅವಳಿಗೆ ಸಾಕುಸಾಕಾಗಿತ್ತು. ಅರ್ಜಿ ಹಾಕಿದ್ದಳು. ತಂಡದ ಪಟ್ಟಿ ಬರೆಯುವ ಡ್ಯೂಟಿ ಸಾಹೇಬರು, "ಮೊದಲ ಹಾರಾಟದಲ್ಲಿ ನಿಮ್ಮ ಕೆಲಸ ನೋಡಿ ಹೇಳ್ತೀನಿ" ಎಂದಿದ್ದರು.

ಮೊದಲ ಹಾರಾಟದ ದಿನ ರಿಬ್ಬನ್ ಕತ್ತರಿಸಿದ್ದಾಯಿತು, ಫೋಟೋ ಹಿಡಿದದ್ದಾಯಿತು. ಮುಂದಿನ ಸಾಲುಗಳಲ್ಲಿ ಯಜಮಾನರು, ಅವರ ಬೀಗರು, ಪತ್ರಿಕೆಯವರು ತುಂಬಿಕೊಂಡರು. ವಿಮಾನ ಮೇಲೇರಿದ ಮೇಲೆ ಅಕ್ಕ ಹಿಂದಿನ ಪರದೆ ಎಳೆದು ಟೀ ಟ್ರಾಲಿಗೆ ಕೈ ಹಾಕಿದಳು. ಜೊತೆಗಿದ್ದದ್ದು ಕೆಲಸಕ್ಕೆ ಸೇರಿ ವರ್ಷ ತುಂಬದ ಹುಡುಗಿ. ಅಕ್ಕ ಅವಳನ್ನು ಮರಿ ಎನ್ನುತ್ತಿದ್ದಳು.

"ನೋಡೇ ಮರಿ, ಇದೇನು ಅಡುಗೆಕೋಣೆನಾ, ಬೀರುನಾ? ನಾನು ಬಗ್ಗಿದ್ರೆ ನೀನು ಹೊರಗೆ ಹೋಗ್ಬೇಕು. ನೀನು ಸೀನಿದ್ರೆ ನಾನು ಹೊರಗೆ."

"ಟಾಯ್ಲೆಟ್ ನೋಡಿದ್ರಾ ಅಕ್ಕ?"

"ನೋಡ್ದೆ. ಮುಖ ಯಾವ ಕಡೆ ಇರ್ಬೇಕು ಅಂತ ಹೊರಗೇ ತೀರ್ಮಾನ ಮಾಡ್ಕೊಂಡು ಹೋಗ್ಬೇಕು. ಒಳಗೆ ತಿರುಗೋ ಹಾಗಿಲ್ಲ. ನಮ್ಮ ಡ್ಯೂಟಿ ಸಾಹೇಬ್ರು ಹೋದ್ರಂತೂ ಬಾಗಿಲು ಕಳಚಿಯೇ ಈಚೆ ತೆಗೀಬೇಕು!"

ಪರದೆಯಾಚೆ ಯಾರೋ ಕಿಸಕ್ಕೆಂದರು. ಏನೋ ಸಿನಿಮಾ ನೋಡುತ್ತಿರಬೇಕು ಎಂದುಕೊಂಡಳು ಅಕ್ಕ.

"ಅವರು ತುಂಬಾ ಬಿಗೀನಾ ಅಕ್ಕ?"

"ಕೆಟ್ಟವರಲ್ಲ ಕಣೇ. ಆದ್ರೆ ಎತ್ತು ಈಯಿತು ಅಂತ ಯಜಮಾನ್ರು ಅಂದ್ರೆ, ಕರು ಕಟ್ಟೋಕೆ ಹಗ್ಗ ಹುಡುಕೋ ಜನ. ನಾವು ರಜ ಕೇಳಿದ್ರೆ ಮಾತ್ರ ಅವರ ಕಿಡ್ನಿ ಕೇಳಿದ ಹಾಗೆ ಮುಖ ಮಾಡ್ತಾರೆ. ಮೊನ್ನೆ ಮಗನಿಗೆ ಜ್ವರ ಅಂದೆ. ಎಷ್ಟು ಅಂದ್ರು. ನೂರೊಂದು ಅಂದೆ. 'ನೂರೆರಡಾದ್ರೆ ಹೇಳಿ' ಅಂತ ಫೋನ್ ಇಟ್ಟೇಬಿಟ್ರು!"

ಈ ಸಲ ನಾಲ್ಕೈದು ಜನ ನಕ್ಕರು. ಒಳ್ಳೇ ಸಿನಿಮಾನೇ ಇರಬೇಕು.

"ಈಗ ಹೇಗಿದಾನೆ ಪುಟ್ಟ?"

"ಜ್ವರ ಬಿಡ್ತು. ಕೆಮ್ಮು ಬಿಟ್ಟಿಲ್ಲ."

"ಮಲಗೋ ಮುಂಚೆ ಬಿಸಿನೀರಿನ ಹಬೆ ಕೊಡಮ್ಮ," ಎಂದಿತು ಪರದೆಯಾಚೆಯ ಒಂದು ಮುದಿ ದನಿ.

"ಕೊಟ್ಟೆ ಅಜ್ಜಿ, ಮುಖ ತಿರುಗಿಸ್ತಾನೆ," ಎಂದು ಉತ್ತರ ಕೊಟ್ಟಳು ಅಕ್ಕ. ಕೊಟ್ಟ ಮೇಲಷ್ಟೇ ಹೊಳೆಯಿತು, ಮಾತಾಡಿದ್ದು ಮರಿಯಲ್ಲ.

ಪರದೆ ಸರಿಸಿದಳು. ಹಿಂದಿನ ಐದು ಸಾಲುಗಳ ತಲೆಗಳೆಲ್ಲ ಇವಳ ಕಡೆಗೇ ತಿರುಗಿದ್ದವು. ಕೊನೆಯ ಸಾಲಿನಲ್ಲಿ ಆ ಅಜ್ಜಿ. ಅಜ್ಜಿಯ ಪಕ್ಕದಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತವರು ಸಾಕ್ಷಾತ್ ಡ್ಯೂಟಿ ಸಾಹೇಬರು. ಮುಂದಿನ ಅವರ ಸೀಟು ಯಜಮಾನರ ಬೀಗರ ಪಾಲಾಗಿತ್ತು.

"ಈ ಎಂಜಿನ್‌ಗೆ ಸದ್ದೇ ಇಲ್ಲ ಅಕ್ಕ," ಎಂದು ಪಿಸುಗುಟ್ಟಿದಳು ಮರಿ.

"ಅದನ್ನ ಈಗ ಹೇಳ್ತೀಯೇನೇ, ಪುಣ್ಯಾತ್ಗಿತ್ತಿ!"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಕ್ಕ ತಲೆ ತಗ್ಗಿಸಿ ಟೀ ಕೊಟ್ಟಳು. ಸಾಹೇಬರು ಲೋಟವನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಅಷ್ಟರಲ್ಲಿ ಕ್ಯಾಪ್ಟನ್ ಮೈಕಿನಲ್ಲಿ, ಅರ್ಧ ದಾರಿ ಕಳೆದರೂ ಎಣಿಸಿದ್ದಕ್ಕಿಂತ ಕಡಿಮೆ ಇಂಧನ ಸುಟ್ಟಿದೆ ಎಂದು ಸಾರಿದರು. ಮುಂದೆ ಚಪ್ಪಾಳೆ. ಯಜಮಾನರು ಎದ್ದು ನಿಂತು ಸಾಹೇಬರನ್ನು ಕೈಸನ್ನೆ ಮಾಡಿ ಕರೆದರು.

ಹತ್ತು ನಿಮಿಷ ಬಿಟ್ಟು ಸಾಹೇಬರು ನೇರ ಅಡುಗೆಕೋಣೆಗೇ ಬಂದರು. ಅವರು ಒಳಗೆ ಬಂದಿದ್ದರಿಂದ ಮರಿ ಹೊರಗೆ ಹೋಗಬೇಕಾಯಿತು.

"ಪಟ್ಟಿಯಿಂದ ನಿಮ್ಮ ಹೆಸರು ತೆಗೆದಿದ್ದೀನಿ."

"ಸಾರ್, ಚಿಕ್ಕ ಮಕ್ಕಳು ಸಾರ್..."

"ಪೂರ್ತಿ ಕೇಳಿ. ಇಷ್ಟು ಇಂಧನ ಉಳಿಸೋ ವಿಮಾನಾನ ಹತ್ತಿರದ ಊರಿಗೆ ಓಡಿಸೋದು ದಂಡ ಅಂದ್ರು ಯಜಮಾನ್ರು. ನಾನೂ ಹೌದು ಅಂದೆ. ಇನ್ಮೇಲೆ ಇದು ದೂರದ ಊರುಗಳಿಗೆ. ವಾರಕ್ಕೆ ಐದು ರಾತ್ರಿ ಹೊರಗೆ, ದೊಡ್ಡ ದೊಡ್ಡ ಹೋಟೆಲ್. ಅದೆಲ್ಲ ನಿಮ್ಮ ಹಣೇಲಿಲ್ಲ."

"ಹಾಗಾದ್ರೆ ನಾನು?"

"ಹಳೇ ವಿಮಾನದಲ್ಲೇ ಬಿದ್ದಿರಿ. ಇನ್ಮೇಲೆ ಅದಕ್ಕೆ ಬೆಳಗ್ಗೆ ಹೋಗಿ ಸಂಜೆ ಬರೋ ಸಣ್ಣಪುಟ್ಟ ಊರು. ದಿನಾ ಅದೇ. ಅಲ್ಲಿ ಎಷ್ಟು ಬೇಕಾದ್ರೂ ಕಿರುಚ್ಕೊಳ್ಳಿ!"

ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮುಖ ಅರಳದಂತೆ ತುಟಿ ಕಚ್ಚಿ, ಉಸಿರು ಹಿಡಿದು ನಿಂತಳು. ಕಣ್ಣಲ್ಲಿ ನೀರೇ ಬಂತು. ಸಾಹೇಬರು ಕರಗಿದರು.

"ಅಳ್ಬೇಡಿ. ಆರು ತಿಂಗಳು ಕಳೀಲಿ, ನಿಮ್ಮನ್ನೂ ಇದಕ್ಕೇ ಹಾಕೋಣ."

"ಬೇಡ ಸಾರ್!" ಅಕ್ಕ ಹೌಹಾರಿದಳು. "ಮಾತಾಡಿದವಳು ನಾನು, ಅನುಭವಿಸೋಳೂ ನಾನೇ. ಶಿಕ್ಷೇಲಿ ಒಂದು ದಿನಾನೂ ಕಡಿಮೆ ಮಾಡ್ಬೇಡಿ!"

ಇಂಥ ಪ್ರಾಮಾಣಿಕತೆಯನ್ನು ಸಾಹೇಬರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ.

ಇಳಿದ ಕೂಡಲೇ ಅಕ್ಕ ಮನೆಗೆ ಫೋನ್ ಮಾಡಿದಳು. ಎತ್ತಿದವಳು ಮಗಳು.

"ಪುಟ್ಟೀ, ನಾಳೆಯಿಂದ ನಾನು ದಿನಾ ಸಂಜೆ ಮನೆಗೇ ಬರ್ತೀನಿ ಕಣೇ!"



"ದಿನಾನೂ?"

"ದಿನಾನೂ."

ಮಗಳು ಫೋನಿಗೆ ಕೈ ಅಡ್ಡ ಹಿಡಿದು ಒಳಕ್ಕೆ ಕೂಗಿದ್ದು ಅಕ್ಕನಿಗೆ ಚೆನ್ನಾಗಿಯೇ ಕೇಳಿಸಿತು: "ಅಜ್ಜೀ, ಟಿವಿ ಆರಿಸು! ಅಮ್ಮ ಇನ್ಮೇಲೆ ದಿನಾ ಬರ್ತಾಳಂತೆ!"