ಹದಿನಾಲ್ಕು ವರರು, ಹದ ಮೀರಿದ ತೆಂಪೆ

ಅಜ್ಜಿಯರು ಮೊಮ್ಮಕ್ಕಳನ್ನು ತಟ್ಟಿ ಮಲಗಿಸುವಾಗ ಹೇಳುವ ಹಾಗೆ, ಒಂದಾನೊಂದು ಊರಿನಲ್ಲಿ ಒಬ್ಬ ಹುಡುಗಿಯಿದ್ದಳು, ಅವಳನ್ನು ಬಯಸಿ ಹದಿನಾಲ್ಕು ಮಂದಿ ರಾಜಕುಮಾರರು ಬಂದಿದ್ದರು. ಊರು ಸಾಲತಿಗಾ, ಜಾವಾದ ಬೆಟ್ಟದ ಮಗ್ಗುಲಿನ ತಂಪು ಊರು. ಹುಡುಗಿಯ ಹೆಸರು ಕಿನಂತಿ. ರಾಜಕುಮಾರರು ಆನೆ ಕುದುರೆ ಏರಿ ಬರಲಿಲ್ಲ. ಹೊಳೆಯುವ ಚಿತ್ರಗಳಾಗಿ ಅವಳ ಲ್ಯಾಪ್‌ಟಾಪಿನೊಳಗೆ ಬಂದು ಕೂತರು. ಒಬ್ಬೊಬ್ಬನೂ ತಾನೇ ಜಗತ್ತಿನ ಮೇಲ್ಪಂಕ್ತಿಯವನು ಎಂದ. ಒಬ್ಬೊಬ್ಬನ ಚಿತ್ರದಲ್ಲೂ ಅದೇ ಹಸಿರು ಹುಲ್ಲು, ಹುಲ್ಲಿನ ಮೇಲೆ ಅದೇ ಮೂವರು ನಗುವವರು: ಒಬ್ಬ ಬಿಳಿಯ, ಒಬ್ಬ ಕರಿಯ, ಒಬ್ಬಳು ತಲೆವಸ್ತ್ರದವಳು. ಮೂವರ ಕೈಯಲ್ಲೂ ಪುಸ್ತಕವಿತ್ತು. ಒಬ್ಬರ ಕಣ್ಣೂ ಪುಸ್ತಕದ ಮೇಲಿರಲಿಲ್ಲ.

ಈ ವರಮಹಾಶಯರು ನಾನಾ ದೇಶಗಳ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೋರ್ಸುಗಳು. ಕಿನಂತಿಗೆ ಓದಬೇಕೆನಿಸಿದ್ದು ತೆಂಪೆಯನ್ನು. ಬೇಯಿಸಿದ ಸೋಯಾ ಕಾಳನ್ನು ಬಾಳೆಲೆಯಲ್ಲಿ ಕಟ್ಟಿ ಬೂಷ್ಟು ಬರಿಸಿ ಮಾಡುವ ತೆಂಪೆಯನ್ನು ಊರೆಲ್ಲ ತಿನ್ನುತ್ತದೆ. ಅವಳಿಗೆ ಬೇಕಾದದ್ದು ಹದ ಮೀರಿದ ತೆಂಪೆ. ಕಪ್ಪಾಗಿ, ಮೆತ್ತಗಾಗಿ, ಮೂಗು ಮುಚ್ಚುವ ಹಾಗೆ ನಾರತೊಡಗಿದ ಮೇಲೆಯೇ ಅದು ತುಂಪಾಂಗ್ ಸಾರಿಗೆ ಬೀಳುವುದು, ತೆಂಗಿನ ಹಾಲಿನಲ್ಲಿ ಕುದ್ದು ಅಮೃತವಾಗುವುದು. ಕೊಳೆಯುವುದಕ್ಕೂ ಪಕ್ವವಾಗುವುದಕ್ಕೂ ನಡುವಿನ ಆ ಸಣ್ಣ ಗಳಿಗೆಯಲ್ಲಿ ಒಳಗೆ ಏನು ನಡೆಯುತ್ತದೆ? ಅವಳ ಪದವಿಯ ಪ್ರಬಂಧವೆಲ್ಲ ಅದೇ ಪ್ರಶ್ನೆ. ಮುಂದಿನ ಬದುಕೂ ಅದೇ ಆಗಲಿ ಎಂಬುದು ಅವಳ ಆಸೆ.

"ಹದಿನಾಲ್ಕಾ?" ಎಂದರು ಅವಳ ಗುರುಗಳಾದ ಬು ಪ್ರಾಪ್ತಿ, ಅಂದರೆ ಪ್ರಾಪ್ತಿ ಮೇಡಂ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ. "ಏನೇ, ಮದ್ವೆ ಕರೆಯೋಲೆ ಹಂಚ್ತಿದೀಯಾ? ಶಿಫಾರಸು ಪತ್ರ ಮೂರಕ್ಕೆ ಬರಿತೀನಿ. ನಾಲ್ಕನೇದಕ್ಕೆ ಒಂದಕ್ಷರ ಇಲ್ಲ. ಸೋಮವಾರ ಬಂದು ಮೂರು ಹೆಸರು ನನ್ನೆದುರು ಬಾಯಿಬಿಟ್ಟು ಹೇಳು. ಅದು ದಾಟಿದ್ರೆ ನಾನು ಹಜ್‌ಗೆ ಹೊರಟೆ, ಆಮೇಲೆ ಅತ್ರೂ ಪತ್ರ ಸಿಗಲ್ಲ."

"ಆಗಲಿ, ಬು."

"ನಿನ್ನ ಆಗಲಿ ನಂಗೊತ್ತು. ನೀನು ಬಾಗಿಲಿಗೆ ಬಂದ ಕಳ್ಳನಿಗೂ ಆಗಲಿ ಅನ್ನೋಳು. ಹೇಳ್ತೀನಿ ಅಂತ ಮಾತು ಕೊಡು."

ಮಾತು ಕೊಟ್ಟಳು.

ಬು ಪ್ರಾಪ್ತಿ ಅಂದದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆ ಹಿರಿಯರು ಏನೇ ಹೇಳಲಿ, ತಲೆ ತಗ್ಗಿಸಿ 'ಆಗಲಿ' ಎನ್ನುವುದು ಮಕ್ಕಳಿಗೆ ಹಲ್ಲು ಮೂಡುವ ಮೊದಲೇ ಕಲಿಸುವ ವಿದ್ಯೆ. ಮಾಡುವುದು ಬಿಡುವುದು ಆಮೇಲಿನ ಮಾತು. ಕಿನಂತಿ ಈ ವಿದ್ಯೆಯಲ್ಲಿ ಪಾರಂಗತೆ. ಅವಳ ಪಟ್ಟಿ ಉಬ್ಬಿದ್ದೇ ಹೀಗೆ. ತಾಲ್ಲೂಕು ಕಚೇರಿಯ ದೊಡ್ಡ ಕುರ್ಚಿಯಿಂದ ನಿವೃತ್ತರಾಗಿ ಈಗ ಮನೆಯ ಬೆತ್ತದ ಕುರ್ಚಿಯಿಂದಲೇ ಆಳುತ್ತಿದ್ದ ದೊಡ್ಡಪ್ಪ ಹರ್ಜಿತೊ, "ಹಾಲೆಂಡು" ಎಂದರು. ಆಗಲಿ. ತಮ್ಮ ಹಳೆಯ ಮೇಲಧಿಕಾರಿಯ ಮಗ ಅಲ್ಲಿ ಓದಿದ್ದ ಎಂಬುದೊಂದೇ ಅವರ ಸಂಶೋಧನೆ. ದೊಡ್ಡಮ್ಮ ಯಾತ್ಮಿ ಹಿಮ ಬೀಳುವ ಊರುಗಳನ್ನೆಲ್ಲ ಸೇರಿಸಿದರು, ಫೋಟೋ ಚೆನ್ನಾಗಿ ಬರುತ್ತದಂತೆ. ಆಗಲಿ. ಮೆಲ್ಬರ್ನಿನಲ್ಲಿ ಒಂದು ವರ್ಷ ಇದ್ದು ಬಂದು ಅನ್ನವನ್ನೂ ಫೋರ್ಕಿನಲ್ಲಿ ತಿನ್ನುವ ಅವರ ಮಗ, ಅಣ್ಣ ದಾಮರ್, ಶ್ರೇಯಾಂಕದ ಪಟ್ಟಿ ತೆಗೆದು ಮೇಲಿನಿಂದ ಐದನ್ನು ಬೆರಳಲ್ಲಿ ಕುಟ್ಟಿ ತೋರಿಸಿದ. ಅಲ್ಲಿ ಏನು ಕಲಿಸುತ್ತಾರೆಂದು ಅವನೂ ನೋಡಲಿಲ್ಲ, ಅವಳೂ ಕೇಳಲಿಲ್ಲ. ಆಗಲಿ, ಆಗಲಿ.

ಕಿನಂತಿಯ ತಂದೆತಾಯಿ ಬೋರ್ನಿಯೋದ ಗಣಿಯೂರಲ್ಲಿದ್ದರು. ಅವಳು ಬೆಳೆದದ್ದು ಈ ಮನೆಯಲ್ಲಿ, ಅಜ್ಜಿಯ ಕಥೆಗಳ ನಡುವೆ. ಅಜ್ಜಿ ತೀರಿಕೊಂಡಿದ್ದರು, ಕಥೆಗಳು ಹುಡುಗಿಯ ತಲೆಯಲ್ಲಿ ಉಳಿದಿದ್ದವು, ಬೇಕಾದ್ದಕ್ಕಿಂತ ಹೆಚ್ಚಾಗಿಯೇ. ದೊಡ್ಡವರನ್ನು ಆಡಿಕೊಂಡಮೇಲೆ ಅವಳನ್ನು ಬಿಡುವುದು ನ್ಯಾಯವಲ್ಲ. ಹದಿನಾಲ್ಕರಲ್ಲಿ ಒಂದನ್ನು ಅವಳೇ ಪ್ರೀತಿಸಿ ಆರಿಸಿಕೊಂಡಿದ್ದಳು: ಇಂಗ್ಲೆಂಡಿನ ಒಂದು ನದಿಯೂರು. ಕಾರಣ ಕೇಳಿದರೆ ನಗಬಾರದು. ಚಿತ್ರದಲ್ಲಿ ಕಲ್ಲಿನ ಸೇತುವೆಯಿತ್ತು, ಸೇತುವೆಯ ಮೇಲೆ ಮಂಜಿತ್ತು. ಉದ್ದ ಕೋಟು ತೊಟ್ಟು ತಾನು ಆ ಮಂಜಿನಲ್ಲಿ ನಡೆಯುವುದನ್ನು ಅವಳು ಪ್ರತಿದಿನ ಹಲ್ಲುಜ್ಜುವಾಗ ನೋಡುತ್ತಿದ್ದಳು. ಆ ಕನಸಿನಲ್ಲಿ ತೆಂಪೆ ಎಲ್ಲೂ ಇರಲಿಲ್ಲ. ಮಂಜಿಗೆ ವಾಸನೆ ಹತ್ತೀತೆಂದು ಮನೆಯಲ್ಲೇ ಬಿಟ್ಟು ಹೋಗಿದ್ದಳೇನೋ.

ಅವಳಿಗೆ ಬುದ್ಧಿ ಬಂದದ್ದೂ ಕಥೆಯಿಂದಲೇ. ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿ ವರರ ಮುಖ ನೋಡಿ ಹಾರ ಹಾಕುವುದಿಲ್ಲ. ಒಂದು ಪರೀಕ್ಷೆ ಒಡ್ಡುತ್ತಾಳೆ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ತುಂಪಾಂಗ್ ಸಾರು ಕುದಿಯುತ್ತಿರುವಾಗ ಕಿನಂತಿಗೆ ಇದು ಹೊಳೆಯಿತು. ತಾನೇಕೆ ಇವರ ಮುಂದೆ ಕೈಕಟ್ಟಿ ನಿಂತಿದ್ದೇನೆ? ಅಲ್ಲೇ ಕೂತು ಹದಿನಾಲ್ಕು ಕಡೆಗೂ ಒಂದೇ ಪ್ರಶ್ನೆ ಬರೆದಳು: 'ತಿನ್ನುವ ಹದ ಮೀರಿ ನಾರುವ ತೆಂಪೆಯ ಮೇಲೆ ಕೆಲಸ ಮಾಡಲು ನಿಮ್ಮಲ್ಲಿ ಯಾರು ನನ್ನನ್ನು ಬಿಟ್ಟುಕೊಳ್ಳುತ್ತಾರೆ?'

ಉತ್ತರಗಳು ಬಂದವು. ಏನು ಉತ್ತರಗಳು! ಜಾವಾದ ಎಷ್ಟೋ ಜನರಂತೆ ಕಿನಂತಿಗೂ ಇರುವುದು ಒಂದೇ ಹೆಸರು. ಮನೆತನದ ಹೆಸರಿಲ್ಲದವರನ್ನು ಆ ಜಾಲತಾಣಗಳು ಒಳಗೇ ಬಿಡುವುದಿಲ್ಲವಾದ್ದರಿಂದ ಎರಡು ಕಡೆಯೂ ಅದನ್ನೇ ತುಂಬಿದ್ದಳು. 'ಪ್ರಿಯ ಕಿನಂತಿ ಕಿನಂತಿ, ನಮ್ಮ ಆವರಣದಲ್ಲಿ ಈಜುಕೊಳವಿದೆ' ಎಂದಿತು ಒಂದು. 'ಪ್ರಿಯ ಕಿನಂತಿ ಕಿನಂತಿ, ನಿಮ್ಮ ನಾಯಕತ್ವದ ಕನಸುಗಳಿಗೆ ಸ್ವಾಗತ' ಎಂದಿತು ಇನ್ನೊಂದು. ಕೊಳೆಯುವ ಯಾವ ವಸ್ತುವೂ ತಮ್ಮ ಪ್ರಯೋಗಾಲಯದ ಹೊಸಿಲು ದಾಟಕೂಡದೆಂದು ಒಬ್ಬರು ನಿಯಮ ಕಳಿಸಿದರು. ಸೋಯಾದಿಂದ ಕಸರತ್ತಿನವರಿಗೆ ಪುಡಿ ಮಾಡುವುದನ್ನು ಕಲಿಯಬಾರದೇಕೆ ಎಂದರು ಮತ್ತೊಬ್ಬರು. ನದಿಯೂರಿನಿಂದ ಬಂದದ್ದನ್ನು ಅವಳು ಎಲ್ಲಕ್ಕಿಂತ ಆಸೆಯಿಂದ ತೆರೆದಳು. 'ನಿಮ್ಮ ಪ್ರಶ್ನೆ ನಮಗೆ ಅಮೂಲ್ಯ' ಎಂದಿತ್ತು. ಕೆಳಗೆ, ಈ ಉತ್ತರದಿಂದ ತಮಗೆ ಎಷ್ಟು ತೃಪ್ತಿಯಾಯಿತು, ನಕ್ಷತ್ರ ಒತ್ತಿ ತಿಳಿಸಿ ಎಂದಿತ್ತು.

ಮನುಷ್ಯರು ಬರೆದದ್ದು ಮೂರೇ. ಮೂರೂ ಅವಳು ಕೊನೆಗೆಂದು ಸಂಕೋಚದಿಂದ ಸೇರಿಸಿದ್ದ ಸಣ್ಣ ಜಾಗಗಳು. ತೈವಾನಿನ ದಕ್ಷಿಣದಿಂದ ನಾರುವ ತೋಫುವಿನ ಮೇಲೆ ತಲೆ ನರೆಸಿಕೊಂಡ ಹೆಂಗಸೊಬ್ಬರು, 'ವಾಸನೆ ಮೊದಲು ಹುಳಿಯೋ, ಮೊದಲು ಗೊಬ್ಬರವೋ? ಬೇಗ ಹೇಳು' ಎಂದು ಬರೆದಿದ್ದರು. ಥಾಯ್ಲೆಂಡಿನ ಉತ್ತರದಿಂದ ಒಬ್ಬರು ತಮ್ಮ ಗುಡ್ಡದ ಜನರ ಹುದುಗಿಸಿದ ಸೋಯಾ ಬಿಲ್ಲೆಯ ಚಿತ್ರ ಕಳಿಸಿ, ಸಾರಿನ ವಿಧಾನ ಕೇಳಿದ್ದರು. ನಮ್ಮದೇ ಜಾವಾದ ಬೊಗೋರಿನವರು, 'ನಮ್ಮ ಯಂತ್ರಗಳು ಹಳೆಯವು. ಆದರೆ ವಾಸನೆಗೆ ಇಲ್ಲಿ ಯಾರೂ ಮುಖ ತಿರುಗಿಸುವುದಿಲ್ಲ' ಎಂದಿದ್ದರು.

ಕಿನಂತಿ ಆ ಮೂರನ್ನು ಓದಿದಳು, ಮತ್ತೆ ಓದಿದಳು. ಆಮೇಲೆ ನದಿಯೂರಿನ ಚಿತ್ರ ತೆಗೆದು ಸ್ವಲ್ಪ ಹೊತ್ತು ಅತ್ತಳು. ಒಂದು ಸೇತುವೆಗಾಗಿ.

ಇನ್ನು ಉಳಿದದ್ದು ದೊಡ್ಡಪ್ಪನಿಗೆ ಹೇಳುವುದು. ಅವರು ಅವಳಿಗಿಂತ ಮೊದಲೇ ಪಂಚಾಂಗ ಬಿಚ್ಚಿ ಕೂತಿದ್ದರು. ಹುಟ್ಟಿದ ವಾರ ನೋಡಿ, ತಿಂಗಳು ನೋಡಿ, ಮಹಾನಾಗ ಈಗ ಯಾವ ದಿಕ್ಕಿಗೆ ತಲೆಯಿಟ್ಟು ಮಲಗಿದ್ದಾನೆಂದು ಲೆಕ್ಕ ಹಾಕುವುದು ಅವರ ಹೆಮ್ಮೆ. ಅವನ ಬಾಯಿಯ ಕಡೆಗೆ ಪ್ರಯಾಣ ಹೊರಡುವ ಮೂರ್ಖರು ನಮ್ಮಲ್ಲಿಲ್ಲ.

"ನಾಗನ ತಲೆ ಪಶ್ಚಿಮಕ್ಕಿದೆ," ಎಂದರು ದೊಡ್ಡಪ್ಪ ಗಂಭೀರವಾಗಿ.

"ಹಾಗಾದ್ರೆ ಹಾಲೆಂಡು ಕೈಬಿಟ್ಟ ಹಾಗೆ," ಎಂದ ದಾಮರ್. "ಅದು ಪಶ್ಚಿಮ ಅಲ್ವಾ ಅಪ್ಪ?"

ದೊಡ್ಡಪ್ಪ ಬೆರಳು ಮಡಿಸಿದರು, ಬಿಡಿಸಿದರು. "ವಿಮಾನ ಮೊದ್ಲು ಎಲ್ಲಿಗೆ ಹೋಗುತ್ತೆ? ಸಿಂಗಾಪುರಕ್ಕೆ. ಅದು ಉತ್ತರ. ನಾಗ ನೋಡೋದು ಹೊರಡೋ ದಿಕ್ಕನ್ನಷ್ಟೇ ಕಣೋ. ಮುಂದಿನ ವಿಮಾನದ ಟಿಕೆಟ್ಟು ತೋರ್ಸು ಅಂತ ಅವನೇನು ಕೇಳಲ್ಲ."

"ದೊಡ್ಡಪ್ಪ," ಎಂದಳು ಕಿನಂತಿ, "ಥಾಯ್ಲೆಂಡೂ ಉತ್ತರಕ್ಕೇ ಇದೆ. ತೈವಾನೂ."

"ಥಾಯ್ಲೆಂಡಿಗೆ ಜನ ಓದೋಕೆ ಹೋಗ್ತಾರೇನೇ? ಚಡ್ಡಿ ಕೊಳ್ಳೋಕೆ ಹೋಗ್ತಾರೆ."

"ಅಲ್ಲಿ ಒಬ್ರು ತೆಂಪೆ ಥರದ್ದೇ..."

"ತೆಂಪೆ ನೋಡೋಕೆ ದೇಶ ಬಿಟ್ಟು ಹೋಗ್ಬೇಕಾ?" ಎಂದು ದೊಡ್ಡಮ್ಮ ನಕ್ಕರು. "ನಮ್ಮನೆ ಗೂಡಲ್ಲೇ ಮರೆತು ಇಟ್ಟಿದ್ದೀನಿ, ಒಂದು ಕಟ್ಟು. ಹೋಗಿ ನೋಡು, ಪಿಎಚ್‌ಡಿ ಆಗುತ್ತೆ."

"ಶನಿವಾರ ಕೆಂಡೂರಿ ಇಟ್ಕೊಂಡಿದೀನಿ," ಎಂದರು ದೊಡ್ಡಪ್ಪ. "ಬೀದಿಯವರ ಮುಂದೆ ಸಂಕಲ್ಪ ಹೇಳ್ಸಿಬಿಡೋಣ. ಸೋಮವಾರ ನಾನೇ ನಿಮ್ಮ ಬು ಪ್ರಾಪ್ತಿಗೆ ಫೋನ್ ಮಾಡಿ ಹೆಸರು ಹೇಳ್ತೀನಿ. ನಿಂಗ್ಯಾಕೆ ತಲೆನೋವು? ಏನಂತೀಯ?"

ಅವಳು ಏನಂದಿರಬಹುದು? "ಆಗಲಿ, ದೊಡ್ಡಪ್ಪ."

ಕೆಂಡೂರಿಯ ಸಂಕಲ್ಪ ಹುಡುಗಾಟವಲ್ಲ. ಬೀದಿಯ ಗಂಡಸರು ಚಾಪೆಯ ಮೇಲೆ ಕೂರುತ್ತಾರೆ, ನಡುವೆ ಗೋಪುರದ ಹಾಗೆ ಕಟ್ಟಿದ ಹಳದಿ ಅನ್ನ. ಮಸೀದಿಯ ಹಿರಿಯರು ಮನೆಯವರ ಉದ್ದೇಶವನ್ನು ಒಂದೊಂದಾಗಿ ಹೇಳುತ್ತಾರೆ, ಕೂತವರು ಒಂದೊಂದಕ್ಕೂ 'ಆಗಲಿ' ಎನ್ನುತ್ತಾರೆ. ಆಮೇಲೆ ಅನ್ನ ಹಂಚುತ್ತಾರೆ. ಅನ್ನ ತಿಂದವರೆಲ್ಲ ಸಾಕ್ಷಿ. ಸಂಕಲ್ಪ ಬದಲಾಯಿಸಿದವರು ಆ ಬೀದಿಯಲ್ಲಿ ಮತ್ತೆ ತಲೆಯೆತ್ತಿ ನಡೆಯುವುದು ಕಷ್ಟ. ಕಿನಂತಿಗೆ ಇದು ಗೊತ್ತಿತ್ತು. ಹೆಂಗಸರೊಡನೆ ಅಡುಗೆಮನೆಯಲ್ಲಿ ಕೂತು ಬಿದಿರ ಬುಟ್ಟಿಗಳಿಗೆ ಕೋಳಿ ತುಂಬುತ್ತ, ಪರದೆಯ ಆಚೆ ತನ್ನ ಬದುಕನ್ನು ಕಟ್ಟಿ ಹಂಚುವುದನ್ನು ಕೇಳಿಸಿಕೊಳ್ಳುತ್ತಿದ್ದಳು.

ಹಿರಿಯರಾದ ಸರ್ಕಾವಿ ಅಜ್ಜ ಗಂಟಲು ಸರಿಮಾಡಿಕೊಂಡರು. "ಈ ಮನೆಯ ಮಗಳು ಕಿನಂತಿ ಹೆಚ್ಚಿನ ವಿದ್ಯೆಗೆ ಹೊರಟಿದ್ದಾಳೆ."

"ಆಗಲಿ," ಎಂದಿತು ಬೀದಿ.

"ಹಾಲೆಂಡಿಗೆ ಹೋಗಿ ಗೆದ್ದು ಬರಲಿ."

"ಆಗಲಿ."

ದೊಡ್ಡಪ್ಪನೊಬ್ಬರೇ ಅಜ್ಜನ ಕಿವಿಯಲ್ಲಿ ಉಸುರಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದೊಡ್ಡಮ್ಮನೂ ಉಸುರಿದ್ದರು, ದಾಮರನೂ ಉಸುರಿದ್ದ, ಎದುರುಮನೆಯ ಬೇಕರಿಯವನೂ ಸುಮ್ಮನಿರದೆ ತನ್ನ ಮೈದುನನಿರುವ ಊರನ್ನು ಹೇಳಿದ್ದ. ಯಾರನ್ನೂ ನೋಯಿಸದ ಸರ್ಕಾವಿ ಅಜ್ಜ ಎಲ್ಲವನ್ನೂ ಹೇಳತೊಡಗಿದರು. "ಹಿಮ ಬೀಳುವ ಸ್ವೀಡನ್ನಿಗೂ ಹೋಗಲಿ." ಆಗಲಿ. "ಲಂಡನ್ನಿಗೂ ಹೋಗಲಿ. ಮೆಲ್ಬರ್ನಿಗೂ ಹೋಗಲಿ." ಆಗಲಿ, ಆಗಲಿ. ಬೀದಿಯ ಕಣ್ಣೆಲ್ಲ ಅನ್ನದ ಮೇಲಿತ್ತು. ಸಮುದ್ರದಲ್ಲಿ ಮುಳುಗಲಿ ಎಂದಿದ್ದರೂ ಆಗಲಿ ಎನ್ನುವ ಹಸಿವು ಅದು. ಊರೂರು ಅಲೆಸಿ ಕೊನೆಗೆ ಅಜ್ಜ ಅವಳನ್ನು ಅಬುಧಾಬಿಗೆ ಕಳಿಸುವ ಹೊತ್ತಿಗೆ ಕಿನಂತಿಯ ಕೈಯಲ್ಲಿದ್ದ ಕೋಳಿಕಾಲು ಬುಟ್ಟಿಗೆ ಬೀಳದೆ ನಿಂತಿತು. ಪರದೆ ಸರಿಸಿ ಹೊರಗೆ ಬಂದಳು.

"ಬೇಡ, ಅಜ್ಜ."

ದೊಡ್ಡ ದನಿಯೇನಲ್ಲ. ಆದರೆ ಸಂಕಲ್ಪದ ನಡುವೆ ಆ ಮಾತನ್ನು ಆ ಬೀದಿ ಎಂದೂ ಕೇಳಿರಲಿಲ್ಲ. ಒಬ್ಬಾತ ರೂಢಿಯ ಮೇಲೆ ಅದಕ್ಕೂ "ಆಗಲಿ" ಎಂದುಬಿಟ್ಟ.

"ಒಳಗೆ ಹೋಗು," ಎಂದರು ದೊಡ್ಡಪ್ಪ, ತುಟಿ ಅಲುಗದಂತೆ.

ಅವಳು ಪರದೆ ಬಿಟ್ಟು ಇನ್ನೊಂದು ಹೆಜ್ಜೆ ಮುಂದೆ ಬಂದಳು. "ದೊಡ್ಡಪ್ಪ, ತಪ್ಪಾಯ್ತು, ಕ್ಷಮಿಸಿ. ಆದ್ರೆ ಅಲ್ಲಿ ಯಾರಿಗೂ ನಾನು ಬೇಕಾಗಿಲ್ಲ. ನಂಗೂ ಅವರು ಬೇಡ. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟೋರು ಮೂರೇ ಜನ."

ಸರ್ಕಾವಿ ಅಜ್ಜ ಅನ್ನದ ಗೋಪುರ ನೋಡಿದರು. ಆವಿ ಆಗಲೇ ನಿಂತುಹೋಗಿತ್ತು. "ಎಲ್ಲೆಲ್ಲಿ, ಮಗಳೇ? ಬೇಗ ಹೇಳು, ಅನ್ನ ಆರ್ತಿದೆ."

"ತೈವಾನು. ಥಾಯ್ಲೆಂಡು. ಬೊಗೋರು."

"ಬೊಗೋರಾ? ಬಸ್ಸಲ್ಲಿ ಹೋಗ್ಬೋದಲ್ಲ," ಎಂದ ಬೇಕರಿಯವನು ನಿರಾಶೆಯಿಂದ.

ಅಜ್ಜ ಕಣ್ಣು ಮುಚ್ಚಿ ಮೂರನ್ನೂ ಹೇಳಿದರು. ಬೀದಿ ಆಗಲಿ ಎಂದಿತು, ಹಾಲೆಂಡಿಗೆ ಅಂದದ್ದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅನ್ನ ಹಂಚಿಯಾಯಿತು.

ಎಲ್ಲರೂ ಬುಟ್ಟಿ ಹಿಡಿದು ಹೋದಮೇಲೆ ದೊಡ್ಡಪ್ಪ ಬೆತ್ತದ ಕುರ್ಚಿಯಲ್ಲಿ ಕೂತು, "ನನ್ನ ಮನೆಯಲ್ಲೇ ನನ್ನ ಮೂಗು ಕೊಯ್ದೆ," ಎಂದರು. ಅವಳು ಕಾಲ ಬಳಿ ಕೂತಳು. ಕ್ಷಮೆ ಕೇಳಿದಳು, ಮೂರರಲ್ಲಿ ಒಂದನ್ನೂ ಹಿಂದಕ್ಕೆ ಪಡೆಯಲಿಲ್ಲ. ಭಾನುವಾರ ಅವರು ಮತ್ತೆ ಪಂಚಾಂಗ ಬಿಚ್ಚಿ ಕೂತರು. ಸೋಮವಾರ ಬೆಳಿಗ್ಗೆ ಅವಳು ಸ್ಕೂಟರ್ ತೆಗೆಯುವಾಗ ಬೇಲಿಯಾಚೆ ಬೇಕರಿಯವನಿಗೆ ವಿವರಿಸುತ್ತಿದ್ದುದು ಕೇಳಿಸಿತು: "ನಾನೇ ಲೆಕ್ಕ ಹಾಕಿ ಹೇಳಿದ್ದು ಕಣಯ್ಯ. ನಾಗ ಪಶ್ಚಿಮಕ್ಕಿದಾನೆ. ಹಾಲೆಂಡು ಅಂದ್ರೆ ನೇರ ಅವನ ಬಾಯಿಗೇ." ಅದೇ ಪಶ್ಚಿಮಕ್ಕೆ ಬಸ್ಸಲ್ಲಿ ಸಿಗುವ ಬೊಗೋರಿನ ಮಾತನ್ನು ಅವರೂ ಎತ್ತಲಿಲ್ಲ, ಬೇಕರಿಯವನೂ ಕೇಳಲಿಲ್ಲ.

ಬು ಪ್ರಾಪ್ತಿಯ ಮೇಜಿನ ಮೇಲೆ ಅರ್ಧ ತುಂಬಿದ ಪೆಟ್ಟಿಗೆಯೊಂದು ಬಾಯಿ ತೆರೆದು ಕೂತಿತ್ತು. ಅವರು ತಲೆಯೆತ್ತದೆ, "ಹೇಳು," ಎಂದರು.

ಕಿನಂತಿ ಹೇಳಿದಳು. ಮೊದಲು ತೈವಾನಿನದು, ಆಮೇಲೆ ಥಾಯ್ಲೆಂಡಿನದು, ಆಮೇಲೆ ಬೊಗೋರಿನದು.

"ಆ ಸೇತುವೆ ಊರು? ಲ್ಯಾಬಿನ ಗೋಡೆಗೆಲ್ಲ ಅಂಟಿಸ್ಕೊಂಡಿದ್ಯಲ್ಲ."

"ಬೇಡ, ಬು."

ಬು ಪ್ರಾಪ್ತಿ ಅವಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. "ಇದಕ್ಕೆ ಇಷ್ಟು ದಿನ ಬೇಕಾಯ್ತಾ?" ಎಂದು ಗೊಣಗಿ, ಕನ್ನಡಕ ಏರಿಸಿಕೊಂಡು ಮೊದಲನೆಯ ಪತ್ರ ಬರೆಯತೊಡಗಿದರು.