ತಣ್ಣೀರ ಕಡಲಿಗೆ ಹೊರಟ ಕಲ್ಯಾಣಿ

ತಿರುವನಂತಪುರದ ಹತ್ತಿರದ ಕೋವಳಂ ಕಡಲಿನಲ್ಲಿ ಚಳಿ ಎಂಬುದೇ ಇಲ್ಲ. ಜನವರಿಯ ಬೆಳಗ್ಗೆಯೂ ನೀರು ಬೆಚ್ಚಗಿರುತ್ತದೆ. ಅಲ್ಲಿ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಸರ್ಫಿಂಗ್ ಕಲಿತವರು ಹಲಗೆ ಕೊಳ್ಳಲು ಹತ್ತು ಕಡೆ ವಿಚಾರಿಸುತ್ತಾರೆ, ಕೈಗವಸಿನ ಬಗ್ಗೆ ಮಾತ್ರ ಯೋಚಿಸುವುದೇ ಇಲ್ಲ. ಕಲ್ಯಾಣಿಯೂ ಯೋಚಿಸಿರಲಿಲ್ಲ.

ಕಲ್ಯಾಣಿ ಗದಗಿನವರು, ತಿರುವನಂತಪುರದ ತಂಪಾನೂರಿನ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಕಡಲನ್ನು ಮೊದಲು ಕಂಡದ್ದೇ ಮದುವೆಯಾದ ಮೇಲೆ. ನಲವತ್ತಮೂರನೆಯ ವಯಸ್ಸಿನಲ್ಲಿ ಸರ್ಫಿಂಗ್ ಕಲಿಯಲು ಹೋದರು. ಮೊದಲ ಆರು ತಿಂಗಳು ಹಲಗೆಯ ಮೇಲೆ ನಿಂತದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಆದರೂ ಬೆಳಗ್ಗೆ ಆರರ ಬಸ್ಸು ಹಿಡಿದು ಕೋವಳಂಗೆ ಹೋಗುವುದು, ಹತ್ತಕ್ಕೆ ಬ್ಯಾಂಕಿನಲ್ಲಿ ಕೂರುವುದು ನಿಲ್ಲಲಿಲ್ಲ. ಈಗ ನಲವತ್ತೇಳು. ಐರ್ಲೆಂಡಿನಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯುವ, ನಲವತ್ತು ದಾಟಿದ ಹೆಂಗಸರ ಸರ್ಫಿಂಗ್ ಕೂಟಕ್ಕೆ ಅವರಿಗೆ ಕರೆ ಬಂತು. ಅಲ್ಲಿನ ನೀರು ಒಂಬತ್ತು ಡಿಗ್ರಿ.

ಗಂಡ ರುದ್ರಪ್ಪ ಅಂಬಲಮುಗಳ್‌ನ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಅದರ ಹತ್ತಿರದ ಎಡಪ್ಪಳ್ಳಿಯಲ್ಲಿ ಅವರ ಮನೆ; ಕಲ್ಯಾಣಿ ಕೆಲಸಕ್ಕಾಗಿ ತಿರುವನಂತಪುರದಲ್ಲೇ ಇರುತ್ತಾರೆ. ಆ ಭಾನುವಾರ ಕಲ್ಯಾಣಿ ಗೆಳತಿ ಸುಮಯ್ಯಾಳ ಜೊತೆ ರೈಲಿನಲ್ಲಿ ಅಲ್ಲಿಗೆ ಬಂದಿದ್ದರು. ಸುಮಯ್ಯಾ ಕಾಸರಗೋಡಿನವಳು, ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸ. ಆಫೀಸಿನ ಕೆಲಸದ ಮೇಲೆ ಎರಡು ಚಳಿಗಾಲ ಐರ್ಲೆಂಡಿನಲ್ಲಿದ್ದು, ಅಲ್ಲೇ ಅಲೆಗೆ ಇಳಿದು ಬಂದವಳು.

ರುದ್ರಪ್ಪ ಮೇಜಿನ ಮೇಲೆ ಒಂದು ಜೊತೆ ದಪ್ಪ ರಬ್ಬರ್ ಕೈಗವಸು ಇಟ್ಟರು.

"ಇದನ್ನ ತಗೊಂಡ ಹೋಗು. ಇದರ ಮ್ಯಾಲೆ ಆಸಿಡ್ ಬಿದ್ರೂ ಏನೂ ಆಗೂದಿಲ್ಲ, ಚಳಿ ಏನ್ ಮಾಡ್ತದ?"

"ಅಲ್ರೀ, ನನ್ನ ಕೈಗೆ ಇದು ದೊಡ್ಡದಾತು," ಎಂದರು ಕಲ್ಯಾಣಿ.

"ಒಂದು ಸೈಜ್ ದೊಡ್ಡದೇ ಇರ್ಲಿ ಅಂತ ತಂದೀನಿ. ಒಳಗ ಉಣ್ಣಿ ಗ್ಲೌಸ್ ಹಾಕ್ಕೋಬಹುದು."

ಸುಮಯ್ಯಾ ವಾದಕ್ಕೆ ಹೋಗಲಿಲ್ಲ. ಕೆಳಗಿನ ಮೀನಂಗಡಿಯವನ ಹತ್ತಿರ ಒಂದು ಬುಟ್ಟಿ ಐಸ್ ತಂದು ಬಟ್ಟೆ ನೆನೆಸುವ ಟಬ್ಬಿಗೆ ಸುರಿದಳು, ನೀರು ತುಂಬಿದಳು. ಹಲಗೆಯನ್ನು ಕಾಲಿಗೆ ಕಟ್ಟುವ ಪಟ್ಟಿಯನ್ನು ರುದ್ರಪ್ಪನವರ ಕಾಲಿಗೆ ಸುತ್ತಿದಳು.

"ರುದ್ರಪ್ಪಣ್ಣ, ನಿಮ್ಮ ಗ್ಲೌಸ್ ನೀವು ಹಾಕಿ, ನಾನು ತಂದ ಸರ್ಫಿಂಗ್ ಗ್ಲೌಸ್ ಅಕ್ಕ ಹಾಕಲಿ. ಇಬ್ಬರೂ ಈ ಟಬ್ಬಿನಲ್ಲಿ ಈಜುವ ಹಾಗೆ ಐದು ನಿಮಿಷ ಕೈ ಆಡಿಸಿ. ಆಮೇಲೆ ಈ ಪಟ್ಟಿ ಬಿಚ್ಚಿ."

ಒಂದೇ ನಿಮಿಷಕ್ಕೆ ರುದ್ರಪ್ಪನವರ ಕೈಗವಸಿನ ಬಾಯಿಯಿಂದ ನೀರು ನುಗ್ಗಿತು. ಒಳಗೆ ಹಾಕಿಕೊಂಡಿದ್ದ ಉಣ್ಣೆ ಗ್ಲೌಸ್ ನೆನೆದು ಭಾರವಾಯಿತು. ಐದು ನಿಮಿಷದ ಹೊತ್ತಿಗೆ ಬೆರಳುಗಳು ಯಾರದೋ ಬೆರಳುಗಳಂತಾದವು. ಪಟ್ಟಿಯನ್ನು ಮೂರು ಸಲ ಎಳೆದರು, ಬಿಚ್ಚಲಾಗಲಿಲ್ಲ. ಕಲ್ಯಾಣಿ ಬಗ್ಗಿ ಒಂದೇ ಸಲಕ್ಕೆ ಬಿಚ್ಚಿಕೊಟ್ಟರು.

"ಅದ್ರಾಗ ಏನದ ಅಂಥಾದ್ದು?" ಎಂದು ಕೇಳಿದರು ರುದ್ರಪ್ಪ, ಕೈಯನ್ನು ಬಗಲಲ್ಲಿ ಇಟ್ಟುಕೊಂಡು.

"ಇದು ನಿಯೋಪ್ರೀನ್ ಅಂತ," ಎಂದಳು ಸುಮಯ್ಯಾ. "ರಬ್ಬರಿನೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಉಂಟು. ಸ್ವಲ್ಪ ನೀರು ಒಳಗೆ ಬಂದರೂ ಅಲ್ಲೇ ನಿಂತು ಕೈಯ ಶಾಖಕ್ಕೆ ಬೆಚ್ಚಗಾಗ್ತದೆ. ಗ್ಲೌಸ್ ದೊಡ್ಡದಾದರೆ ತಣ್ಣೀರು ಬರ್ತಾ ಹೋಗ್ತಾ ಇರ್ತದೆ. ಬಿಗಿಯಾದರೆ ರಕ್ತ ಓಡುದಿಲ್ಲ, ಬೆರಳು ಇನ್ನೂ ಬೇಗ ತಣ್ಣಗಾಗ್ತದೆ. ಬೆರಳ ತುದಿಯಲ್ಲಿ ಜಾಗ ಉಳೀಬಾರದು, ಮುಷ್ಟಿ ಕಟ್ಟಿದರೆ ಎಳೀಬಾರದು. ಮಣಿಕಟ್ಟಿನಲ್ಲಿ, ಮೈಗೆ ಹಾಕುವ ರಬ್ಬರ್ ಸೂಟಿನ ತೋಳು ಗ್ಲೌಸಿನ ಮೇಲೆ ಕೂತಿರಬೇಕು."

"ಮತ್ತ ಇದಕ್ಕಿಂತ ದಪ್ಪ, ಐದು ಮಿಲಿಮೀಟರಿಂದು ಛಲೋ ಅಲ್ಲೇನು?" ಕಲ್ಯಾಣಿ ಕೇಳಿದರು.

"ಬೆಚ್ಚಗೇನೋ ಹೆಚ್ಚು, ಆದರೆ ಹಲಗೆ ಹಿಡಿದು ಕೈ ಸೋಲ್ತದೆ. ಒಂಬತ್ತು ಡಿಗ್ರಿಗೆ ನನಗೆ ಈ ಮೂರು ಮಿಲಿಮೀಟರಿನದ್ದೇ ಸಾಕಾಗಿತ್ತು. ಅದಕ್ಕಿಂತ ತಣ್ಣಗಿದ್ದರೆ ಐದು ಬೇಕು. ಆದರೆ ಅಕ್ಕ, ಕೈಗೆ ಮಾತ್ರ ಹಾಕಿ ಸಾಲುದಿಲ್ಲ. ಎದೆ ತಣ್ಣಗಾದರೆ ಮೈ ಮೊದಲು ಕೈಕಾಲಿನ ರಕ್ತವನ್ನೇ ಒಳಗೆ ಎಳ್ಕೊಳ್ತದೆ. ದಪ್ಪ ಸೂಟು, ತಲೆ ಮುಚ್ಚುವ ಟೋಪಿ, ಕಾಲಿಗೆ ಬೂಟು ಎಲ್ಲವೂ ಬೇಕು."

ರುದ್ರಪ್ಪ ತಮ್ಮ ಕೈಗವಸನ್ನು ಹಿಂಡಿ ಬಾಲ್ಕನಿಯಲ್ಲಿ ಒಣಹಾಕಿದರು. "ನನ್ನ ಗ್ಲೌಸ್ ನನ್ನ ಕಾರ್ಖಾನಿಗೇ ಸೈ," ಎಂದರು.

ಮಾರ್ಚ್‌ನಲ್ಲಿ ಐರ್ಲೆಂಡಿನ ದಡದಲ್ಲಿ, ನೀರಿಗೆ ಇಳಿಯುವ ಮೊದಲು ಅಲ್ಲಿನ ಶಿಕ್ಷಕಿ ಎಲ್ಲರಿಗೂ ಒಂದು ಮಾತು ಹೇಳಿದರು. ಹತ್ತು ನಿಮಿಷಕ್ಕೊಮ್ಮೆ ಹೆಬ್ಬೆರಳಿನಿಂದ ಕಿರುಬೆರಳಿನ ತುದಿ ಮುಟ್ಟಿ ನೋಡಬೇಕು, ಮುಟ್ಟಲಾಗದಿದ್ದರೆ ಹೊರಗೆ ಬರಬೇಕು.

ಮುಖಕ್ಕೆ ನೀರು ಬಡಿದಾಗ ಕಲ್ಯಾಣಿಗೆ ಉಸಿರೇ ಕಟ್ಟಿದಂತಾಯಿತು. ಹಲಗೆಯನ್ನು ಅಪ್ಪಿ ಉಸಿರು ಹದಕ್ಕೆ ಬರುವವರೆಗೆ ಕಾದರು, ಆಮೇಲೆ ಮುಂದೆ ಹೋದರು. ನಲವತ್ತು ನಿಮಿಷದಲ್ಲಿ ಎರಡು ಸಣ್ಣ ಅಲೆ ಸಿಕ್ಕವು. ಅಷ್ಟರಲ್ಲಿ ಗಾಳಿ ತಿರುಗಿತು. ದೂರದಲ್ಲಿ ಉದ್ದನೆಯ, ಮಡಿಕೆಯಿಲ್ಲದ ಅಲೆಗಳ ಸಾಲು ಎದ್ದಿತು. ಅಂಥ ಅಲೆಗಾಗಿಯೇ ಅವರು ಅಷ್ಟು ದೂರ ಬಂದಿದ್ದರು. ಬೆರಳು ನೋಡಿಕೊಂಡರು. ಬಲಗೈ ಮುಟ್ಟಿತು, ಎಡಗೈ ಮುಟ್ಟಲಿಲ್ಲ. ಇನ್ನೊಮ್ಮೆ ನೋಡಿದರು. ಆಗಲೂ ಮುಟ್ಟಲಿಲ್ಲ.

ಕಲ್ಯಾಣಿ ಹಲಗೆ ತಿರುಗಿಸಿ, ಅದರ ಮೇಲೆ ಬೋರಲಾಗಿ ಮಲಗಿ, ನೊರೆಯ ಜೊತೆ ದಡಕ್ಕೆ ಬಂದರು. ಒದ್ದೆ ಸೂಟು ತೆಗೆದು ಒಣಬಟ್ಟೆ ಹಾಕಿಕೊಂಡರು, ಕೈಗಳನ್ನು ಬಗಲಲ್ಲಿ ಇಟ್ಟುಕೊಂಡರು, ಫ್ಲಾಸ್ಕಿನ ಶುಂಠಿ ಚಹಾ ಕುಡಿದರು. ಬೆರಳಿಗೆ ಜೀವ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಉಳಿದವರ ಸವಾರಿಯನ್ನು ದಡದಲ್ಲಿ ಕೂತು ನೋಡಿದರು.

ಸಂಜೆ ಫೋನಿನಲ್ಲಿ ರುದ್ರಪ್ಪ ಕೇಳಿದರು, "ಅಷ್ಟು ದೂರ ಹೋಗಿ ಛಲೋ ಅಲಿ ಬಿಟ್ಟ ಬಂದ್ಯಾ?"

"ಬಿಟ್ಟ ಬಂದೆ. ಬೆರಳು ಕೂಡಲಿಲ್ರೀ."



"ಇಪ್ಪತ್ತು ವರ್ಷ ಆತು ಕಲ್ಯಾಣಿ, ಅನುಮಾನ ಬಂದ್ರ ಕೆಲಸ ನಿಲ್ಲಸ್ರಿ ಅಂತ ಮಂದಿಗೆ ಹೇಳ್ಕೋತ ಬಂದೀನಿ. ನಿಲ್ಲಿಸಿದವ್ರು ಭಾಳ ಕಡಿಮಿ. ನಾಳೆ ಮುಂಜಾನೆ ನಮ್ಮ ಕಾರ್ಖಾನಿ ಹುಡುಗ್ರಿಗೆ ನಿನ್ನ ಹೆಸರ ಹೇಳ್ತೀನಿ."

ಮರುದಿನ ಕಲ್ಯಾಣಿ ಮತ್ತೆ ಇಳಿದರು. ಈ ಸಲ ಅರ್ಧ ಗಂಟೆಗೇ ಹೊರಗೆ ಬಂದರು. ಅಷ್ಟರಲ್ಲಿ ಏಳು ಅಲೆಗಳ ಮೇಲೆ ನಿಂತಿದ್ದರು.

ಬೆಚ್ಚನೆಯ ಕಡಲಲ್ಲಿ ಕಲಿತ ಗೆಳೆಯರೆ, ತಣ್ಣೀರಿಗೆ ಹೊರಡುವ ಮೊದಲು ಅಲ್ಲಿನ ನೀರು ಎಷ್ಟು ಡಿಗ್ರಿ ಎಂದು ಕೇಳಿ ತಿಳಿಯಿರಿ. ಕೈಗವಸನ್ನು ಹಾಕಿ ನೋಡಿ, ಮುಷ್ಟಿ ಕಟ್ಟಿ ನೋಡಿ, ಆಮೇಲೆ ಕೊಳ್ಳಿ. ಎದೆ, ತಲೆ, ಪಾದ ಬೆಚ್ಚಗಿರಲಿ. ಮರಗಟ್ಟಿದ ಕೈಯನ್ನು ಸುಡುನೀರಿಗೆ ಅದ್ದಬೇಡಿ. ಒಬ್ಬರೇ ಇಳಿಯಲೇಬೇಡಿ. ಜೊತೆಗಿರುವವರು ನಡುಗುತ್ತಿದ್ದರೆ "ಇನ್ನೊಂದೇ ಅಲೆ" ಎನ್ನಲು ಬಿಡದೆ, ಕೈ ಹಿಡಿದು ದಡಕ್ಕೆ ಕರೆತನ್ನಿ.